ಬೀದಿಯ ಸುತ್ತ 340 ಹೆಜ್ಜೆ

ಅಲ್ಸರೇಟಿವ್ ಕೊಲೈಟಿಸ್ ಎಂಬ ಹೆಸರನ್ನು ಹನ್ನೊಂದು ವರ್ಷಗಳಾದರೂ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಹೇಳುವುದಿಲ್ಲ. ಅಮ್ಮನ ಬಾಯಲ್ಲಿ ಅದು ಇಂದಿಗೂ ‘ಕರುಳಿನ ಹುಣ್ಣು’. ಚಿಕ್ಕಪ್ಪನ ಲೆಕ್ಕದಲ್ಲಿ ‘ಮೂಲವ್ಯಾಧಿಯ ಅಣ್ಣ’. ಪಕ್ಕದ ಮನೆಯವರಿಗೆ ಬರೀ ‘ಉಷ್ಣ’, ಅಂದರೆ ಎರಡು ದಿನ ಎಳನೀರು ಕುಡಿದು ನೆತ್ತಿಗೆ ಹರಳೆಣ್ಣೆ ಹಚ್ಚಿಕೊಂಡರೆ ಇಳಿಯಬೇಕಾದದ್ದು. ಹೆಸರಿನ ವಿಷಯದಲ್ಲಿ ಒಮ್ಮತವಿಲ್ಲದ ಇವರೆಲ್ಲರೂ ಒಂದು ಮಾತಿನಲ್ಲಿ ಮಾತ್ರ ಒಂದಾಗಿದ್ದರು: ನಾನು ಮೈ ದಣಿಸಿಕೊಳ್ಳಬಾರದು. ಬಿಂದಿಗೆ ಎತ್ತಬಾರದು, ಮಹಡಿ ಹತ್ತಬಾರದು, ಸಂಜೆ ಕಾಲೇಜಿನಿಂದ ಬಂದ ಮೇಲೆ ಕಾಲು ಚಾಚಿ ಮಲಗಬೇಕು. ‘ಒಳಗೆ ಗಾಯ ಇಟ್ಕೊಂಡೋಳು ಹೊರಗೆ ಕುಣೀಬಾರದು ಕಣೇ’ ಎಂಬುದು ಅಮ್ಮನ ಸೂತ್ರ. ಕೈ ಮುರಿದರೆ ಕಟ್ಟು ಹಾಕಿ ಅಲುಗದಂತೆ ಇಡುತ್ತಾರಲ್ಲ, ಹಾಗೆ ಕರುಳು ಕೆಟ್ಟಾಗ ಇಡೀ ಮೈಯನ್ನೇ ಅಲುಗದಂತೆ ಇಡಬೇಕೆನ್ನುವ ಈ ತರ್ಕದಲ್ಲಿ ಪ್ರೀತಿಯಿತ್ತು, ಮೇಲ್ನೋಟಕ್ಕೆ ಅರ್ಥವೂ ಇತ್ತು. ತುಮಕೂರಿನ ಪದವಿಪೂರ್ವ ಕಾಲೇಜೊಂದರಲ್ಲಿ ಜೀವಶಾಸ್ತ್ರ ಪಾಠ ಮಾಡುವ ನಾನೂ ಆರು ವರ್ಷ ಅದನ್ನೇ ನಂಬಿಕೊಂಡಿದ್ದೆ ಎಂದು ಹೇಳಿಕೊಳ್ಳಲು ಸ್ವಲ್ಪ ನಾಚಿಕೆಯಾಗುತ್ತದೆ.

ಈ ಕಾಯಿಲೆಯಲ್ಲಿ ನಮ್ಮದೇ ರೋಗನಿರೋಧಕ ಕಣಗಳು ದೊಡ್ಡ ಕರುಳಿನ ಒಳಪದರದ ಮೇಲೆ ತಿರುಗಿಬೀಳುತ್ತವೆ. ಪದರ ಊದಿಕೊಂಡು, ಹುಣ್ಣಾಗಿ, ರಕ್ತ ಒಸರುತ್ತದೆ. ಇದರ ಒಡಹುಟ್ಟಾದ ಕ್ರೋನ್ಸ್ ಕಾಯಿಲೆ ಬಾಯಿಯಿಂದ ಗುದದವರೆಗೆ ಎಲ್ಲಿ ಬೇಕಾದರೂ ಕಾಣಿಸಿಕೊಂಡು, ಕರುಳಿನ ಗೋಡೆಯ ಪೂರ್ತಿ ದಪ್ಪಕ್ಕೂ ಇಳಿಯಬಲ್ಲದು. ಎರಡನ್ನೂ ಸೇರಿಸಿ ಡಾಕ್ಟರುಗಳು ಐಬಿಡಿ (ಇನ್‌ಫ್ಲಮೇಟರಿ ಬವೆಲ್ ಡಿಸೀಸ್, ಅಂದರೆ ಕರುಳಿನ ಉರಿಯೂತದ ಕಾಯಿಲೆ) ಎನ್ನುತ್ತಾರೆ. ಎರಡೂ ಕೆರಳುತ್ತವೆ, ತಣ್ಣಗಾಗುತ್ತವೆ, ಮತ್ತೆ ಕೆರಳುತ್ತವೆ. ಇದು ಪಾಶ್ಚಾತ್ಯರ ರೋಗವೆಂಬ ತಿಳಿವಳಿಕೆ ಬಹುಕಾಲ ಇತ್ತಾದರೂ, 2003ರಲ್ಲಿ ಪ್ರಕಟವಾದ ಪಂಜಾಬಿನ ಸಮೀಕ್ಷೆಯೊಂದು ಅಲ್ಲಿನ ಪ್ರತಿ ಲಕ್ಷ ಜನರಲ್ಲಿ ಸುಮಾರು 44 ಮಂದಿಗೆ ಅಲ್ಸರೇಟಿವ್ ಕೊಲೈಟಿಸ್ ಇರುವುದನ್ನು ತೋರಿಸಿತು.

ಆರನೆಯ ವರ್ಷ ನನ್ನ ಕಾಯಿಲೆ ಜೋರಾಗಿ ಕೆರಳಿತು. ದಿನಕ್ಕೆ ಹನ್ನೆರಡು ಹದಿಮೂರು ಸಲ ಹೋಗಬೇಕಾಗುತ್ತಿತ್ತು. ಹಿಮೋಗ್ಲೋಬಿನ್ ಎಂಟೂವರೆಗೆ ಇಳಿದಿತ್ತು. ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆಗಳು ಉರಿಯೂತವನ್ನು ಆರಿಸಿದವು. ನಾಲ್ಕು ತಿಂಗಳ ನಂತರ ಕನ್ನಡಿಯಲ್ಲಿ ನೋಡಿಕೊಂಡರೆ ಮುಖ ಮಾತ್ರ ಹುಣ್ಣಿಮೆ ಚಂದ್ರನಂತೆ ಉಬ್ಬಿ, ತೊಡೆಗಳು ಕಡ್ಡಿಯಾಗಿದ್ದವು. ಒಂದು ಭಾನುವಾರ ಮುದ್ದೆ ಮಾಡಲು ಹೋದೆ. ಕುದಿಯುವ ಎಸರಿಗೆ ಹಿಟ್ಟು ಹಾಕಿ, ಅದು ಬೆಂದ ಮೇಲೆ ಪಾತ್ರೆಯನ್ನು ಕಾಲುಗಳ ನಡುವೆ ಒತ್ತಿ ಹಿಡಿದು ಕೋಲಿನಿಂದ ತಿರುವಬೇಕು. ಎರಡನೆಯ ಸುತ್ತಿಗೇ ಕೋಲು ಹಿಟ್ಟಿನೊಳಗೆ ನಿಂತುಬಿಟ್ಟಿತು. ಇಬ್ಬರಿಗಾಗುವಷ್ಟು ಹಿಟ್ಟನ್ನು ತಿರುವಲು ನನ್ನ ಕೈಯಲ್ಲಿ ಆಗಲಿಲ್ಲ. ಅಮ್ಮ ಬಂದು ಏನೂ ಮಾತಾಡದೆ ಕೋಲು ಇಸಿದುಕೊಂಡಳು. ಅವಳಿಗೆ ಆಗ ಅರವತ್ತೆಂಟು, ನನಗೆ ನಲವತ್ತೊಂದು.

ಅದಾದ ತಿಂಗಳೊಳಗೆ ತೆಗೆಸಿದ, ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನಿನಲ್ಲಿ ಸೊಂಟದ ಮೂಳೆ ಸವೆಯುತ್ತಿರುವುದು ಗೊತ್ತಾಯಿತು. ನಾನು ತೋರಿಸುವ ಬೆಂಗಳೂರಿನ ಡಾಕ್ಟರು ವರದಿಯನ್ನು ನೋಡಿ, ‘ಕರುಳನ್ನು ಉಳಿಸಿಕೊಂಡಿದ್ದೇವೆ, ಮಿಕ್ಕಿದ್ದನ್ನು ಕಳೆದುಕೊಳ್ಳುತ್ತಿದ್ದೇವೆ, ನಡೆಯಿರಿ, ಭಾರ ಎತ್ತಿ’ ಎಂದರು. ಎಷ್ಟು ನಡೆಯಬೇಕು, ಯಾವ ಭಾರ ಎತ್ತಬೇಕು, ನಡೆಯುವಾಗ ಅವಸರವಾದರೆ ಎಲ್ಲಿ ಹೋಗಬೇಕು ಎಂದು ಕೇಳುವಷ್ಟರಲ್ಲಿ ಮುಂದಿನ ರೋಗಿ ಬಾಗಿಲು ತಳ್ಳಿಯಾಗಿತ್ತು. ಹಾಗಾಗಿ ಈ ವಿಷಯದ ಸಂಶೋಧನೆಗಳನ್ನು ನಾನೇ ಓದತೊಡಗಿದೆ.

ಓದಿದವುಗಳಲ್ಲಿ ನನಗೆ ಇಂದಿಗೂ ಪ್ರಿಯವಾದದ್ದು ಬಹಳ ಸಣ್ಣ ಅಧ್ಯಯನ. ಕೆನಡಾದ ವಿನಿಪೆಗ್‌ನ ತಂಡವೊಂದು 1999ರಲ್ಲಿ ಪ್ರಕಟಿಸಿದ್ದು. ಕೂತಲ್ಲೇ ಕೂತಿರುವ ಅಭ್ಯಾಸವಿದ್ದ, ಕ್ರೋನ್ಸ್ ಕಾಯಿಲೆ ತಣ್ಣಗಿದ್ದ ಅಥವಾ ಸ್ವಲ್ಪವೇ ಕೆರಳಿದ್ದ ಹದಿನಾರು ಮಂದಿಯನ್ನು ಸೇರಿಸಿಕೊಂಡು, ವಾರಕ್ಕೆ ಮೂರು ದಿನದಂತೆ ಹನ್ನೆರಡು ವಾರ ನಡಿಗೆ ಮಾಡಿಸಿದರು. ಕೊನೆಯವರೆಗೆ ಉಳಿದವರು ಹನ್ನೆರಡು ಮಂದಿ. ಅವರ ದೇಹದ ಕಸುವು ಹೆಚ್ಚಿತು, ಕಾಯಿಲೆಯಿಂದಾಗುವ ಮನಸ್ಸಿನ ಒತ್ತಡ ಇಳಿಯಿತು, ಬದುಕಿನ ಗುಣಮಟ್ಟವನ್ನು ಅಳೆಯುವ ಪ್ರಶ್ನಾವಳಿಯಲ್ಲಿ ಅಂಕ ಏರಿತು, ಕಾಯಿಲೆ ಕೆರಳಲಿಲ್ಲ. ಹೋಲಿಸಿ ನೋಡಲು ನಡೆಯದವರ ಗುಂಪೊಂದು ಇರಲಿಲ್ಲವಾದ್ದರಿಂದ ಇದನ್ನು ಪುರಾವೆಯೆಂದು ಕರೆಯುವುದು ಕಷ್ಟ. ಆದರೂ ಅಮ್ಮನ ಸೂತ್ರಕ್ಕೆ ಮೊದಲ ಬಿರುಕು ಬಿಟ್ಟದ್ದು ಅಲ್ಲೇ. ಮುಂದೆ 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕೆನಡಾದವರೇ 32 ಮಂದಿ ಕ್ರೋನ್ಸ್ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿನವರಿಗೆ ವಾರಕ್ಕೆ ಮೂರು ಸಲ ಅರ್ಧರ್ಧ ಗಂಟೆ ನಡೆಯಲು ಹೇಳಿದರು. ಮೂರು ತಿಂಗಳ ನಂತರ ಬದುಕಿನ ಗುಣಮಟ್ಟದಲ್ಲಿ ನಡೆದವರೇ ಮುಂದಿದ್ದರು.

ಹದಿನಾರು, ಮೂವತ್ತೆರಡು. ರಕ್ತದೊತ್ತಡದ ಮಾತ್ರೆಗಳನ್ನು ಸಾವಿರಾರು ಜನರ ಮೇಲೆ ಪರೀಕ್ಷಿಸುವ ಕಾಲದಲ್ಲಿ ಇವು ಒಂದು ತರಗತಿಯ ಹಾಜರಿ ಪುಸ್ತಕವನ್ನೂ ತುಂಬದ ಸಂಖ್ಯೆಗಳು. ಇನ್ನೊಂದು ತೊಡಕೂ ಇದೆ. ಔಷಧದ ಪರೀಕ್ಷೆಯಲ್ಲಿ ಅರ್ಧ ಮಂದಿಗೆ ಗೊತ್ತಿಲ್ಲದಂತೆ ಬರೀ ಸಕ್ಕರೆ ಗುಳಿಗೆ ಕೊಡಬಹುದು. ನಡೆಯದವನಿಗೆ ತಾನು ನಡೆಯುತ್ತಿದ್ದೇನೆಂದು ನಂಬಿಸುವ ಗುಳಿಗೆಯನ್ನು ಯಾರೂ ಮಾಡಿಲ್ಲ. ಜೊತೆಗೆ ಇಂಥ ಅಧ್ಯಯನಗಳಿಗೆ ಸೇರುವವರಲ್ಲಿ ಹೆಚ್ಚಿನವರು ಕಾಯಿಲೆ ತಣ್ಣಗಿರುವವರು, ನಡೆಯಲು ಮನಸ್ಸಿರುವವರು. ದಿನಕ್ಕೆ ಹನ್ನೆರಡು ಸಲ ಓಡುವವಳ ಹೆಸರು ಅಂಥ ಪಟ್ಟಿಗೆ ಬರುವುದೇ ಅಪರೂಪ.

ನನ್ನ ಹೆಸರು ನನ್ನದೇ ಪಟ್ಟಿಗೆ ಬಂದದ್ದು ಕಾಯಿಲೆ ತಣ್ಣಗಾಗಿ, ಕಬ್ಬಿಣದ ಅಂಶ ಸೇರಿ ಹಿಮೋಗ್ಲೋಬಿನ್ ಹನ್ನೊಂದು ದಾಟಿದ ಮೇಲೆ. ರಕ್ತ ಕಡಿಮೆಯಿದ್ದಾಗ ಬರುವ ಸುಸ್ತನ್ನು ಸೋಮಾರಿತನವೆಂದುಕೊಂಡು ಅದರ ಮೇಲೆ ಓಡಲು ಹೋಗುವುದು ಅವಿವೇಕ ಎಂಬುದು ನನಗೆ ಅಷ್ಟರಲ್ಲಿ ಗೊತ್ತಾಗಿತ್ತು. ತುಮಕೂರಿನಲ್ಲಿ ನಡೆಯುವವರೆಲ್ಲ ಅಮಾನಿಕೆರೆಯ ದಂಡೆಗೆ ಹೋಗುತ್ತಾರೆ. ನಾನು ಸೋಮೇಶ್ವರಪುರದ ನಮ್ಮ ಬೀದಿಯನ್ನು ಬಿಟ್ಟು ಹೋಗಲಿಲ್ಲ. ಮನೆಯ ಗೇಟಿನಿಂದ ಹೊರಟು, ಹೊಂಗೆ ಮರದ ಬಳಿ ತಿರುಗಿ, ಹಿಂದಿನ ಬೀದಿಯ ಹಾಲಿನ ಅಂಗಡಿಯ ಮುಂದೆ ಹಾದು ಮತ್ತೆ ಗೇಟಿಗೆ ಬಂದರೆ 340 ಹೆಜ್ಜೆ. ಎಲ್ಲಿದ್ದರೂ ಎರಡು ನಿಮಿಷದಲ್ಲಿ ನಮ್ಮ ಮನೆಯ ಶೌಚಾಲಯದಲ್ಲಿರಬಹುದು. ಬೆಳಿಗ್ಗೆ ಐದೂಮುಕ್ಕಾಲಿಗೆ, ಬೀದಿ ನಾಯಿಗಳಿಗೂ ನನಗೂ ಒಂದು ಒಪ್ಪಂದವಾಗುವವರೆಗೆ ಕೈಯಲ್ಲೊಂದು ಕೋಲು ಹಿಡಿದು, ಮೊದಲ ದಿನ ಮೂರು ಸುತ್ತು ಹಾಕಿದೆ. ಹಾಲಿನ ಅಂಗಡಿಯವರು ಏನಾದರೂ ಕಳೆದುಕೊಂಡಿರಾ ಎಂದು ಕೇಳಿದರು.

ಅಷ್ಟರಲ್ಲಿ ಇನ್ನೊಂದು ಪ್ರಶ್ನೆ ನನ್ನನ್ನು ಹಿಡಿದುಕೊಂಡಿತ್ತು: ಕಾಲು ಆಡಿಸಿದರೆ ಕರುಳಿಗೇನು? ಡೆನ್ಮಾರ್ಕಿನ ಬೆಂಟೆ ಕ್ಲಾರ್ಲುಂಡ್ ಪೆಡರ್ಸೆನ್ ಮತ್ತು ಅವರ ಸಂಗಡಿಗರ ಕೆಲಸ ಇದಕ್ಕೊಂದು ದಾರಿ ತೋರಿಸುತ್ತದೆ. ದುಡಿಯುವ ಸ್ನಾಯು ಸಂದೇಶದ ಅಣುಗಳನ್ನು ರಕ್ತಕ್ಕೆ ಬಿಡುತ್ತದೆ. ಅವುಗಳಿಗೆ ಅವರು ಮಯೋಕೈನ್ ಎಂಬ ಹೆಸರು ಕೊಟ್ಟರು. ಅವುಗಳಲ್ಲಿ ಮುಖ್ಯವಾದ ಇಂಟರ್‌ಲ್ಯೂಕಿನ್-6, ವಿಚಿತ್ರವೆಂದರೆ, ಉರಿಯೂತದ ಕಾಯಿಲೆಗಳಲ್ಲಿ ಏರಿ ಕೂತು ತೊಂದರೆ ಕೊಡುವ ಅಣುವೇ. ಕಾಯಿಲೆಯಲ್ಲಿ ಅದು ಹಗಲೂ ರಾತ್ರಿ ಹೊಗೆಯಾಡುತ್ತಿರುತ್ತದೆ. ವ್ಯಾಯಾಮದಲ್ಲಿ ಕೆಲವು ಗಂಟೆ ಏರಿ ಇಳಿದುಹೋಗುತ್ತದೆ, ಇಳಿಯುವಾಗ ಇಂಟರ್‌ಲ್ಯೂಕಿನ್-10ರಂಥ, ಉರಿಯನ್ನು ತಣಿಸುವ ಅಣುಗಳನ್ನು ಬೆನ್ನಿಗೆ ಕರೆತರುತ್ತದೆ. ಇದನ್ನು ತರಗತಿಯಲ್ಲಿ ಹೇಳಿದಾಗ ಹುಡುಗಿಯೊಬ್ಬಳು, ‘ಮೇಡಂ, ಒಗ್ಗರಣೆಗೆ ಹಾಕೋ ಮೆಣಸಿನಕಾಯಿ ಥರ, ಎಷ್ಟೊತ್ತು ಬಿಡ್ತೀವಿ ಅನ್ನೋದರ ಮೇಲೆ’ ಎಂದಳು. ಅದಕ್ಕಿಂತ ಚೆನ್ನಾಗಿ ನಾನು ವಿವರಿಸಿರಲಿಲ್ಲ.

ಇದೇ ದಾರಿಯಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು 2013ರಲ್ಲಿ ಪ್ರಕಟಿಸಿದ ಚಿಟ್ಟಿಲಿಗಳ ಪ್ರಯೋಗ ನನ್ನನ್ನು ಹಲವು ರಾತ್ರಿ ಕಾಡಿದೆ. ಕೆಲವು ಇಲಿಗಳ ಪಂಜರದಲ್ಲಿ ಒಂದು ಚಕ್ರ ಇಟ್ಟರು. ಮನಸ್ಸು ಬಂದಾಗ ಹತ್ತಿ ಓಡಬಹುದು, ಬೇಡವೆನಿಸಿದಾಗ ಇಳಿಯಬಹುದು. ಇನ್ನು ಕೆಲವನ್ನು ಟ್ರೆಡ್‌ಮಿಲ್ ಮೇಲೆ ಬಿಟ್ಟು ಒತ್ತಾಯದಿಂದ ಓಡಿಸಿದರು. ವಾರಗಳ ಕಾಲ ಹೀಗೆ ಅಭ್ಯಾಸವಾದ ಮೇಲೆ, ಕುಡಿಯುವ ನೀರಿನಲ್ಲಿ ರಾಸಾಯನಿಕ ಬೆರೆಸಿ ಕರುಳಿನಲ್ಲಿ ಉರಿಯೂತ ಬರಿಸಿದರು. ಚಕ್ರದ ಇಲಿಗಳಿಗೆ ಅವುಗಳ ಓಟ ರಕ್ಷಣೆ ಕೊಟ್ಟಿತು. ಒತ್ತಾಯದ ಇಲಿಗಳಲ್ಲಿ ಭೇದಿಯೂ ಉರಿಯೂತವೂ ಹೆಚ್ಚಾಯಿತು, ಸತ್ತವುಗಳ ಸಂಖ್ಯೆಯೂ ಹೆಚ್ಚು. ಇಲಿಯ ಮಾತನ್ನು ಮನುಷ್ಯರಿಗೆ ಹಾಗೇ ಹೊಂದಿಸಬಾರದೆಂದು ವಿದ್ಯಾರ್ಥಿಗಳಿಗೆ ಹೇಳಿಕೊಡುವವಳೇ ನಾನು. ಆದರೂ ‘ದಿನಾ ಐದು ಕಿಲೋಮೀಟರ್ ಓಡಿ, ಎಲ್ಲಾ ಸರಿಹೋಗುತ್ತೆ’ ಎಂದು ಉಪದೇಶಿಸುವ ಹಿತೈಷಿಗಳು ಸಿಕ್ಕಿದಾಗಲೆಲ್ಲ ನನಗೆ ಆ ಟ್ರೆಡ್‌ಮಿಲ್ಲೇ ಕಣ್ಣಮುಂದೆ ಬರುತ್ತದೆ.

ಅಂಥ ಹಿತೈಷಿಗಳ ಮಾತು ಕೇಳಿ ಒಮ್ಮೆ ಕೆಟ್ಟಿದ್ದೇನೆ. ನಡಿಗೆ ಶುರುಮಾಡಿ ಎಂಟು ತಿಂಗಳಾಗಿತ್ತು, ಮೈ ಹಗುರವಾಗಿತ್ತು. ಶಿಬಿರವೊಂದರಲ್ಲಿ ಆಸನ ಹೇಳಿಕೊಡುತ್ತಿದ್ದವರು, ಇಷ್ಟು ಚೆನ್ನಾಗಿರುವಾಗ ರಾಸಾಯನಿಕ ಮಾತ್ರೆಗಳೇಕೆ, ಪ್ರಾಣಾಯಾಮವೊಂದೇ ಸಾಕು ಎಂದರು. ನನಗೂ ಅದನ್ನೇ ಕೇಳಬೇಕಾಗಿತ್ತೆಂದು ಕಾಣುತ್ತದೆ, ಉರಿಯೂತ ಕೆರಳದಂತೆ ದಿನಾ ನುಂಗುತ್ತಿದ್ದ ಮೆಸಲಮೈನ್ ಮಾತ್ರೆ ನಿಲ್ಲಿಸಿದೆ. ಏಳನೆಯ ವಾರ ರಕ್ತ ಕಾಣಿಸಿತು. ಮೂರು ತಿಂಗಳು ಮತ್ತೆ ಸ್ಟೀರಾಯ್ಡ್. ಆಸನಗಳಲ್ಲಿ ದೋಷವಿರಲಿಲ್ಲ. ದೆಹಲಿಯ ಏಮ್ಸ್‌ನವರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೂರು ಮಂದಿ ಐಬಿಡಿ ರೋಗಿಗಳಿದ್ದರು, ಅವರಲ್ಲಿ ಅರವತ್ತು ಮಂದಿ ನನ್ನ ಕಾಯಿಲೆಯವರು. ಎಂಟು ವಾರದ ಯೋಗಾಭ್ಯಾಸದಿಂದ ಕೊಲೈಟಿಸ್‌ನವರ ಆತಂಕ ಇಳಿಯಿತು, ಕೀಲುನೋವೆಂದು ಹೇಳುವವರು ಕಡಿಮೆಯಾದರು, ಆದರೆ ರಕ್ತದಲ್ಲಿ ಅವರು ಅಳೆದ ಉರಿಯೂತದ ಗುರುತುಗಳು ಹೆಚ್ಚೇನೂ ಅಲುಗಲಿಲ್ಲ. ಜರ್ಮನಿಯಲ್ಲಿ 77 ಮಂದಿ ಕೊಲೈಟಿಸ್ ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲೂ ಹನ್ನೆರಡು ವಾರದ ಯೋಗ ಬದುಕಿನ ಗುಣಮಟ್ಟವನ್ನು ಏರಿಸಿತು. ಏಮ್ಸ್‌ನಲ್ಲಿ ಯೋಗವನ್ನು ಕೊಟ್ಟದ್ದು ಮಾಮೂಲಿ ಚಿಕಿತ್ಸೆಯ ಜೊತೆಗೆ. ಆ ‘ಜೊತೆಗೆ’ ಎಂಬ ಪದವನ್ನು ನಾನು ಓದಿಯೂ ಓದದಂತೆ ದಾಟಿದ್ದೆ.

ದೊಡ್ಡ ಸಂಖ್ಯೆಗಳೂ ಇವೆ. ಅಮೆರಿಕದ ಸುಮಾರು 1,94,000 ನರ್ಸ್‌ಗಳನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನ 2013ರಲ್ಲಿ ಬಂತು. ವಾರಕ್ಕೆ ಒಂಬತ್ತು ಗಂಟೆ ಸಾಧಾರಣ ವೇಗದಲ್ಲಿ ನಡೆದಷ್ಟು ಮೈ ದುಡಿಸಿದವರಲ್ಲಿ ಕ್ರೋನ್ಸ್ ಕಾಯಿಲೆ ಬರುವ ಸಾಧ್ಯತೆ, ಅಷ್ಟಾಗಿ ಮೈ ಅಲುಗಿಸದವರಿಗಿಂತ ಶೇ. 44ರಷ್ಟು ಕಡಿಮೆಯಿತ್ತು. ಆಸೆಯಿಂದ ಮುಂದಿನ ಸಾಲು ಓದಿದರೆ, ಅಲ್ಸರೇಟಿವ್ ಕೊಲೈಟಿಸ್ ವಿಷಯದಲ್ಲಿ ಅಂಥ ಸಂಬಂಧ ಕಾಣಲಿಲ್ಲವೆಂದಿತ್ತು. ಎರಡು ವರ್ಷದ ನಂತರ ಬಂದ ಇನ್ನೊಂದು ಅಧ್ಯಯನ, ಕಾಯಿಲೆ ತಣ್ಣಗಿರುವವರಲ್ಲಿ ಹೆಚ್ಚು ವ್ಯಾಯಾಮ ಮಾಡುವ ಕ್ರೋನ್ಸ್ ರೋಗಿಗಳಿಗೆ ಆರು ತಿಂಗಳ ನಂತರ ಕಾಯಿಲೆ ಕೆರಳಿರುವ ಸಾಧ್ಯತೆ ಕಡಿಮೆ ಎಂದಿತು; ಕೊಲೈಟಿಸ್‌ನವರಲ್ಲೂ ಸೂಜಿ ಅದೇ ಕಡೆಗೆ ವಾಲಿತ್ತು, ಆದರೆ ಖಚಿತವಾಗಿ ಹೇಳುವಷ್ಟು ವಾಲಲಿಲ್ಲ. ಇಂಥ ಅಧ್ಯಯನಗಳಲ್ಲಿ ಯಾವುದು ಮೊದಲು ಎಂಬ ಗಂಟು ಬಿಡಿಸುವುದು ಕಷ್ಟ. ಕಾಯಿಲೆ ಒಳಗೊಳಗೇ ಮೊಳೆಯುತ್ತಿರುವಾಗ ಸುಸ್ತಾಗಿ ಕೂತವರನ್ನು, ಕೂತದ್ದರಿಂದ ಕಾಯಿಲೆ ಬಂತೆಂದು ಓದಿಬಿಡಬಹುದು.

ನನ್ನ ಪಾಲಿಗೆ ಗಟ್ಟಿಯಾಗಿ ನಿಂತದ್ದು ಮೂಳೆ ಮತ್ತು ಸ್ನಾಯುವಿನ ಲೆಕ್ಕ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನವರು 1998ರಲ್ಲಿ ಪ್ರಕಟಿಸಿದ, 117 ಕ್ರೋನ್ಸ್ ರೋಗಿಗಳ ಒಂದು ವರ್ಷದ ಪ್ರಯೋಗದಲ್ಲಿ, ವ್ಯಾಯಾಮದ ಗುಂಪನ್ನು ಒಟ್ಟಾಗಿ ನೋಡಿದರೆ ಮೂಳೆಯ ಸಾಂದ್ರತೆಯಲ್ಲಿ ಖಚಿತವಾದ ವ್ಯತ್ಯಾಸವಿರಲಿಲ್ಲ. ಹೇಳಿದ್ದನ್ನು ತಪ್ಪದೆ ಮಾಡಿದ ಕೆಲವರಲ್ಲಿ ಮಾತ್ರ ಸೊಂಟದ ಬಳಿಯ ಮೂಳೆ ಗಟ್ಟಿಯಾಗಿತ್ತು. ಹೋಮ್‌ವರ್ಕ್ ನೋಡಿ ನೋಡಿ ಸವೆದ ನನಗೆ ಇದು ಅಚ್ಚರಿಯ ಫಲಿತಾಂಶವಾಗಿ ಕಾಣಲಿಲ್ಲ. ಇಂಗ್ಲೆಂಡಿನದೇ ಬೇರೊಂದು ತಂಡ 2020ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕಾಯಿಲೆ ಸ್ಥಿರವಾಗಿದ್ದ 47 ಮಂದಿಯಲ್ಲಿ ಒಂದು ಗುಂಪು ಆರು ತಿಂಗಳು ಜಿಗಿತದಂಥ, ಮೂಳೆಗೆ ಪೆಟ್ಟು ಬೀಳುವ ವ್ಯಾಯಾಮವನ್ನೂ ಸ್ನಾಯು ಬಲಪಡಿಸುವ ವ್ಯಾಯಾಮವನ್ನೂ ಮಾಡಿತು. ಬೆನ್ನುಮೂಳೆಯ ಕೆಳಭಾಗದ ಸಾಂದ್ರತೆ ಏರಿತು, ಸ್ನಾಯುವಿನ ಶಕ್ತಿ ಎದ್ದು ಕಾಣುವಂತೆ ಹೆಚ್ಚಿತು. ಮೂಳೆಯ ಶತ್ರು ಸ್ಟೀರಾಯ್ಡ್ ಒಂದೇ ಅಲ್ಲ, ಉರಿಯೂತವೇ ಸ್ವತಃ ಮೂಳೆಯನ್ನೂ ಸ್ನಾಯುವನ್ನೂ ಸವೆಸುತ್ತದೆ. ಮಲಗಿ ವಿಶ್ರಾಂತಿ ಪಡೆಯುವುದು ಈ ಇಬ್ಬರು ಕಳ್ಳರಿಗೆ ಮೂರನೆಯವನನ್ನು ಜೊತೆ ಮಾಡಿದಂತೆ. ಯುರೋಪಿನ ಪೋಷಣಾ ತಜ್ಞರ ಸಂಘದ ಮಾರ್ಗಸೂಚಿ ಕೂಡ ಐಬಿಡಿಯವರು ಸಹನಶಕ್ತಿ ಬೆಳೆಸುವ ವ್ಯಾಯಾಮ ಮಾಡಲಿ, ಸ್ನಾಯು ಕರಗಿದವರು ಭಾರದ ವ್ಯಾಯಾಮ ಮಾಡಲಿ ಎನ್ನುತ್ತದೆ.

ಫಿಸಿಯೋಥೆರಪಿಸ್ಟ್ ಕೊಟ್ಟ ಹಸಿರು ರಬ್ಬರ್ ಪಟ್ಟಿಯನ್ನು ಅಡುಗೆಮನೆಯ ಕಿಟಕಿಯ ಸರಳಿಗೆ ಕಟ್ಟಿದ್ದೇನೆ. ಕುಕ್ಕರ್ ಮೂರು ಸಲ ಕೂಗುವಷ್ಟರಲ್ಲಿ ಎರಡು ಕೈಗೂ ಹದಿನೈದು ಹದಿನೈದು ಎಳೆತ. ಎರಡು ಕಿಲೋ ರಾಗಿ ಹಿಟ್ಟಿನ ಪೊಟ್ಟಣಗಳನ್ನು ಎದೆಗವಚಿಕೊಂಡು ಕುರ್ಚಿಯಿಂದ ಏಳುವುದು, ಕೂರುವುದು. ಊಟವಾದ ಎರಡು ಗಂಟೆಯೊಳಗೆ ಇವೇನನ್ನೂ ಮಾಡುವುದಿಲ್ಲ. ಬಿರುಸಾಗಿ ಓಡುವಾಗ ದೇಹ ಕರುಳಿಗೆ ಹೋಗಬೇಕಾದ ರಕ್ತವನ್ನು ಕಾಲುಗಳ ಕಡೆ ತಿರುಗಿಸುತ್ತದೆ. ಗಟ್ಟಿಮುಟ್ಟಾದ ಮ್ಯಾರಥಾನ್ ಓಟಗಾರರಿಗೇ ಅದರಿಂದ ಹೊಟ್ಟೆ ಕೆಡುವುದುಂಟು. ಕ್ರೋನ್ಸ್ ತಣ್ಣಗಿರುವವರು ಒಂದೊಂದು ನಿಮಿಷದ ಬಿರುಸಿನ ಸೈಕಲ್ ತುಳಿತವನ್ನೂ ತಾಳಿಕೊಳ್ಳಬಲ್ಲರೆಂದು 2019ರ ಇಂಗ್ಲೆಂಡಿನ ಪ್ರಯೋಗವೊಂದು ತೋರಿಸಿದೆ. ಅದು ನನಗೆ ಬೇಡ.

ಇಷ್ಟೆಲ್ಲ ಓದಿದವರು ಕೇಳುವ ಪ್ರಶ್ನೆ ಒಂದೇ: ಕೊನೆಗೆ ಕರುಳು ವಾಸಿಯಾಗುತ್ತದೋ ಇಲ್ಲವೋ? ವ್ಯಾಯಾಮದಿಂದ ಕರುಳಿನ ಹುಣ್ಣು ಮಾಯುತ್ತದೆಂದು ಈ ಪ್ರಯೋಗಗಳು ತೋರಿಸಿಲ್ಲ. ಮತ್ತೆ ಮತ್ತೆ ಏರಿದ್ದು ‘ಬದುಕಿನ ಗುಣಮಟ್ಟ’. ನನ್ನ ಸಹೋದ್ಯೋಗಿಯೊಬ್ಬರು ಇದನ್ನು ಕೇಳಿ, ‘ಓ, ಬರೀ ಫೀಲಿಂಗಾ’ ಎಂದಿದ್ದರು. ಆ ಪದ ನನಗೂ ಟೊಳ್ಳಾಗಿಯೇ ಕೇಳುತ್ತಿತ್ತು, ಆ ಅಂಕ ಎಲ್ಲಿಂದ ಬರುತ್ತದೆಂದು ಹುಡುಕುವವರೆಗೆ.

ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು 1989ರಲ್ಲಿ ಪ್ರಕಟಿಸಿದ ಪ್ರಶ್ನಾವಳಿ ಅದು. ಮೂವತ್ತೆರಡು ಪ್ರಶ್ನೆಗಳು, ಪ್ರತಿಯೊಂದಕ್ಕೂ ಒಂದರಿಂದ ಏಳರವರೆಗೆ ಅಂಕ, ಎಲ್ಲವೂ ಕಳೆದ ಎರಡು ವಾರಗಳ ಬಗ್ಗೆ. ರೋಗಿಗಳನ್ನು ಕೂರಿಸಿಕೊಂಡು ಕೇಳಿ ಮಾಡಿದ ಪ್ರಶ್ನೆಗಳೆಂಬುದು ಓದುತ್ತಿದ್ದಂತೆಯೇ ಗೊತ್ತಾಗುತ್ತದೆ. ಎಷ್ಟು ಸಲ ಸುಸ್ತಾಗಿತ್ತು ಎಂದಿದೆ. ಹೊರಡಬೇಕಾದ ಕಡೆ ಹೊರಡದೆ ಎಷ್ಟು ಸಲ ಉಳಿದಿರಿ ಎಂದಿದೆ. ಶೌಚಾಲಯ ಸಿಗದೇ ಹೋದರೆ ಎಂಬ ಭಯ ಎಷ್ಟು ಸಲ ಕಾಡಿತು ಎಂದೂ ಇದೆ. ಅದನ್ನು ಓದಿದಾಗ ಕಂಪ್ಯೂಟರ್ ಮುಂದೆ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಅಷ್ಟು ವರ್ಷಗಳಲ್ಲಿ ಯಾವ ಡಾಕ್ಟರೂ ನನ್ನನ್ನು ಅದನ್ನು ಕೇಳಿರಲಿಲ್ಲ, ನಾನೂ ಯಾರಿಗೂ ಹೇಳಿರಲಿಲ್ಲ. ಬೆಂಗಳೂರಿಗೆ ಬಸ್ಸು ಬಿಟ್ಟು ರೈಲಿನಲ್ಲೇ ಹೋಗುತ್ತಿದ್ದುದು, ಅಲ್ಲೂ ಬೋಗಿಯ ತುದಿಯ ಸೀಟನ್ನೇ ಹಿಡಿಯುತ್ತಿದ್ದುದು, ಮದುವೆ ಮನೆಯಲ್ಲಿ ಅಕ್ಷತೆ ಹಾಕುವ ಮೊದಲು ಹಿತ್ತಿಲ ಬಾಗಿಲು ಎಲ್ಲಿದೆಯೆಂದು ನೋಡಿಕೊಳ್ಳುತ್ತಿದ್ದುದು, ಇವೆಲ್ಲ ಆ ಒಂದು ಪ್ರಶ್ನೆಯೊಳಗೆ ಕೂತಿದ್ದವು. ಮ್ಯೂನಿಕ್‌ನಿಂದ 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೂವತ್ತು ಮಂದಿ ಐಬಿಡಿ ರೋಗಿಗಳಲ್ಲಿ ಒಂದು ಗುಂಪನ್ನು ವಾರಕ್ಕೆ ಮೂರು ಸಲದಂತೆ ಹತ್ತು ವಾರ ಮೆಲ್ಲನೆ ಓಡಿಸಿ ನೋಡಿದಾಗ, ಒಟ್ಟು ಅಂಕದಲ್ಲಿ ಎರಡು ಗುಂಪುಗಳ ನಡುವಿನ ವ್ಯತ್ಯಾಸ ಖಚಿತವೆನಿಸುವಷ್ಟಿರಲಿಲ್ಲ. ನಾಲ್ಕು ಜನರ ನಡುವೆ ಬೆರೆಯುವುದಕ್ಕೆ ಸಂಬಂಧಿಸಿದ ಭಾಗದಲ್ಲಿ ಮಾತ್ರ ಓಡಿದವರು ಸ್ಪಷ್ಟವಾಗಿ ಮುಂದಿದ್ದರು. ಸಹೋದ್ಯೋಗಿಗೆ ಬರೀ ಫೀಲಿಂಗ್ ಎನಿಸಿದ್ದು ನನ್ನ ಕಣ್ಣಿಗೆ ಮನೆಯಿಂದ ಎಷ್ಟು ದೂರ ಹೋಗಬಲ್ಲೆ ಎಂಬ ಲೆಕ್ಕವಾಗಿ ಕಂಡಿತು.

ಅಂದಿನಿಂದ ನನ್ನ ನೋಟ್‌ಬುಕ್ಕಿನಲ್ಲಿ ಮೂರು ಕಲಂಗಳಿವೆ: ದಿನಾಂಕ, ಹೋದ ದೂರ, ಆ ಪ್ರಶ್ನೆಗೆ ನಾನು ಕೊಟ್ಟುಕೊಳ್ಳುವ ಅಂಕ. ಒಂದು ಎಂದರೆ ಭಯ ಬಿಡದೆ ಕಾಡಿದೆ, ಏಳು ಎಂದರೆ ಒಮ್ಮೆಯೂ ಇಲ್ಲ. ಮೊದಲ ವರ್ಷದ ಪುಟಗಳ ತುಂಬ 340ರ ಗುಣಕಗಳೂ ಎರಡು, ಮೂರು ಎಂಬ ಅಂಕಗಳೂ ಇವೆ. ಅಮಾನಿಕೆರೆಯ ಒಂದು ಪೂರ್ತಿ ಸುತ್ತು ಎರಡನೆಯ ವರ್ಷದ ಕೊನೆಗೆ ಬಂತು. ಸಿದ್ಧಗಂಗೆಯ ಬೆಟ್ಟದ ಮೆಟ್ಟಿಲನ್ನು ಅರ್ಧದಲ್ಲಿ ಬಿಟ್ಟು ಇಳಿದ ದಿನ ಎರಡು ಎಂದು ಬರೆದಿದ್ದೇನೆ, ಪೂರ್ತಿ ಹತ್ತಿ ಇಳಿದು ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದ ದಿನ ಐದು. ಇದರಲ್ಲಿ ನಡಿಗೆಯ ಪಾಲೆಷ್ಟು, ಈಗ ನುಂಗುತ್ತಿರುವ, ರೋಗನಿರೋಧಕ ವ್ಯವಸ್ಥೆಯನ್ನು ತಗ್ಗಿಸುವ ಅಜಾಥಯೋಪ್ರಿನ್ ಮಾತ್ರೆಯ ಪಾಲೆಷ್ಟು ಎಂದು ಬೇರೆ ಮಾಡಲು ನನ್ನಿಂದಾಗದು. ನಾನು ಒಬ್ಬಳೇ, ಚೀಟಿ ಎತ್ತಿ ಇನ್ನೊಬ್ಬಳನ್ನು ಮನೆಯಲ್ಲಿ ಕೂರಿಸಿಲ್ಲ. ಮುದ್ದೆಯನ್ನು ಈಗ ಐದು ಜನಕ್ಕಾಗುವಷ್ಟು ತಿರುವುತ್ತೇನೆ. ಅಮ್ಮ ಮಾತ್ರ ಹಿಂದೆ ನಿಂತು, ಗಂಟು ಉಳಿದಿದೆ ಎನ್ನುತ್ತಾಳೆ, ಉಳಿದಿರುತ್ತದೆ ಕೂಡ.

ಹೋದ ಭಾನುವಾರ ವಿದ್ಯಾರ್ಥಿಗಳನ್ನು ಕರೆದುಕೊಂಡು ದೇವರಾಯನದುರ್ಗದ ದಾರಿಯಲ್ಲಿರುವ ನಾಮದ ಚಿಲುಮೆಗೆ ಹೋಗಿದ್ದೆ. ಬಂಡೆಯ ಬಿರುಕಿನಿಂದ ಒಸರುವ ನೀರನ್ನು ನೋಡಿ, ಸುತ್ತಲ ಕಾಡಿನಲ್ಲಿ ಗಿಡಗಳ ಹೆಸರು ಗುರುತು ಹಾಕಿಸುತ್ತ ನಡೆದೆವು. ಹಿಂದಿರುಗಿ ಬರುವಾಗ ಬಸ್ಸಿನಲ್ಲಿ ನೋಟ್‌ಬುಕ್ ತೆರೆದು ಬರೆದೆ: ನಾಮದ ಚಿಲುಮೆ, ಎರಡು ಗಂಟೆ ಹತ್ತು ನಿಮಿಷ, ಆರು.